ಅಂಬಾರಾಯನ ಜವಳ

ಒಂದು ಟವೆಲಿಗಾಗಿ ಇಬ್ಬರು ಗಂಡಸರು ಮಾತು ಬಿಟ್ಟಿದ್ದರು. ಒಬ್ಬ ನನ್ನ ಗಂಡ ಹಣಮಂತ್ರಾಯ, ಇನ್ನೊಬ್ಬ ನನ್ನ ಒಡಹುಟ್ಟಿದ ಅಣ್ಣ ಮಾಪಣ್ಣ. ಅಣ್ಣನ ಮದುವೆಯಲ್ಲಿ ಮನೆಯ ಅಳಿಯನಿಗೆ ಧೋತರ, ರುಮಾಲು ಆಯೇರಿ ಮಾಡುವುದು ನಮ್ಮ ಕಡೆಯ ಪದ್ಧತಿ. ಅಣ್ಣ ಒಂದು ಟವೆಲು ಹೊದಿಸಿ ಕೈತೊಳೆದುಕೊಂಡ. ನನ್ನ ಗಂಡ ತುಂಬಿದ ಚಪ್ಪರದಲ್ಲಿ ಅದನ್ನು ಅಣ್ಣನ ಕಾಲ ಮೇಲೆ ಒಗೆದು ಎದ್ದು ಬಂದ. ಆ ಟವೆಲನ್ನು ಎತ್ತಿ ಟ್ರಂಕಿನಲ್ಲಿಟ್ಟುಕೊಂಡವಳು ನಾನು. ಥೂ, ಇವರ ಮಾನಕ್ಕಿಷ್ಟು ಬೆಂಕಿ ಹಾಕ!

ಎಂಬತ್ತಮೂರನೇ ಇಸವಿಯ ಸುಮಾರಿಗೆ ಮುಂಬೈ ಹತ್ತಿರದ ಬೇಲಾಪುರದಲ್ಲಿ ಸರಕಾರಿ ಆಫೀಸುಗಳು ಏಳುತ್ತಿದ್ದವು. ಗಂಡನದು ಸೆಂಟ್ರಿಂಗ್ ಕೆಲಸ, ನನ್ನದು ಕಾಂಕ್ರೀಟು ತುಂಬಿದ ಘಮೇಲಾ ಬುಟ್ಟಿ ತಲೆಯ ಮೇಲೆ ಹೊರುವ ಕೆಲಸ. ಅಣ್ಣ ಅದೇ ಕಡೆಯ ಕಲ್ಯಾಣದ ರೈಲ್ವೆ ಗೂಡ್ಸ್ ಯಾರ್ಡಿನಲ್ಲಿ ಹಮಾಲಿ. ನಾವಿದ್ದದ್ದು ಕಟ್ಟಡದ ಹಿಂದಿನ ತಗಡಿನ ಪತ್ರಾ ಶೆಡ್ಡಿನಲ್ಲಿ. ನಾನು ಕೆಲಸಕ್ಕೆ ಹೋದಾಗ ಕೂಸನ್ನು ನನ್ನ ಅತ್ತೆ ಚಂದವ್ವ ನೋಡಿಕೊಳ್ಳುತ್ತಿದ್ದಳು. ಕೂಸಿಗೆ ಸತ್ತ ಮಾವನ ಹೆಸರೇ ಇಟ್ಟಿದ್ದೆವು, ಅಂಬಾರಾಯ.

ಹುಟ್ಟಿದಾಗ ಎಲ್ಲರ ಕೂಸಿನ ಹಾಗೆಯೇ ಇತ್ತು. ಹಲ್ಲು ಮೂಡುವ ಮೊದಲೇ ತಲೆ ಬೆಳೆಯತೊಡಗಿತು. ಶೆಡ್ಡಿನ ಹೆಂಗಸರು, "ದೊಡ್ಡ ತಲಿ ಅದ, ಸಾಹೇಬ ಆಗ್ತಾನ ನೋಡು," ಎಂದು ನಕ್ಕರು. ಅತ್ತೆ ಮಾತ್ರ ಹೆದರಿದಳು. ಹಳೆಯ ಸೀರೆ ಹರಿದು ತಲೆಗೆ ಬಿಗಿದು ಕಟ್ಟಿದಳು. ಕಟ್ಟಿದಷ್ಟೂ ಅದು ಬೆಳೆಯಿತು. ನೆತ್ತಿ ಉಬ್ಬಿತು. ಕಣ್ಣಗುಡ್ಡೆ ಕೆಳಗೆ ಜಾರಿ ಮೇಲೆ ಬರೀ ಬಿಳಿ ಕಾಣತೊಡಗಿತು. ಕೂಸು ಸದಾ ನೆಲವನ್ನೇ ನೋಡುತ್ತಿದ್ದಂತೆ ಕಾಣುತ್ತಿತ್ತು. ಆಗ ಹಗಲಿನ ಪಾಳಿ ಬಿಟ್ಟು ಬಸ್ಸು ಹತ್ತಿ ಠಾಣೆ ಪಟ್ಟಣಕ್ಕೆ ಒಯ್ದೆ.

ಅಲ್ಲಿನ ಆಸ್ಪತ್ರೆಗೆ ವಾರಕ್ಕೊಮ್ಮೆ ಮುಂಬೈಯಿಂದ ತಲೆ ಡಾಕ್ಟರು ಬರುತ್ತಿದ್ದರು. ಹೆಸರು ಮಧ್ವರಾಜ, ಉಡುಪಿ ಕಡೆಯವರು. ನನ್ನ ಮಾತು ಕೇಳಿದ್ದೇ ಕನ್ನಡದಲ್ಲೇ ಬೈದರು.

"ಎಂತ ಮಾರಾಯ್ತಿ, ಇಷ್ಟು ದಿನ ಎಲ್ಲಿಗೆ ಹೋಗಿದ್ದೆ? ತಲೆಯೊಳಗೆ ನೀರು ತುಂಬಿದೆ ಇವನಿಗೆ. ಎಲ್ಲರಿಗೂ ಇರ್ತದೆ ಆ ನೀರು, ಹರಿದು ಹೋಗ್ತದೆ. ಇವನದ್ದು ಹರಿಯುವುದಿಲ್ಲ. ಒಂದು ಸಣ್ಣ ನಳಿಗೆ ಹಾಕಿ, ಚರ್ಮದ ಅಡಿಯಿಂದ ಹೊಟ್ಟೆಗೆ ಇಳಿಸಬೇಕು. ನೀರು ಹೊಟ್ಟೆಗೆ ಹೋಗಿ ಆರ್ತದೆ."

"ಉಳೀತಾನೇನ್ರಿ?"

ಅವರು ಟಾರ್ಚು ಹಚ್ಚಿ ಆಚೀಚೆ ಆಡಿಸಿದರು. ಕೂಸಿನ ಕಣ್ಣು ಬೆಳಕಿನ ಹಿಂದೆ ಹೋಯಿತು. "ನೋಡು, ಈಗ ಕಾಣ್ತದೆ ಇವನಿಗೆ. ತಡ ಮಾಡಿದರೆ ಮೊದಲು ಕಣ್ಣು ಹೋಗ್ತದೆ, ಆಮೇಲೆ ಜೀವ. ನನ್ನ ಹತ್ತಿರ ಇರುವುದು ಒಂದೇ ನಳಿಗೆ. ಬೇಡಿ ತಂದದ್ದು. ಬರುವ ವಾರ ಇವನಿಗೇ ಹಾಕ್ತೇನೆ, ತಪ್ಪಿಸಬೇಡ."

ತಪ್ಪಿಸಿದವಳು ನಾನಲ್ಲ. ಆಪರೇಷನ್ನಿನ ಬೆಳಿಗ್ಗೆ ವಾರ್ಡಿನ ಕ್ಷೌರಿಕ ಮುರಾರಿ ಬಟ್ಟಲು, ಕತ್ತಿ ಹಿಡಿದು ಬಂದ. ತಲೆ ಬೋಳಿಸದೆ ಒಳಗೆ ಒಯ್ಯುವುದಿಲ್ಲ. ಅತ್ತೆ ಅಂಗಾತ ಮಲಗಿದ್ದ ಕೂಸಿನ ಮೇಲೆ ತಾನೇ ಅಡ್ಡ ಬಿದ್ದಳು.

"ಜವಳ ಆಗಿಲ್ಲ ನನ್ನ ಮಮ್ಮಗಂದು! ಮೊದಲ ಕೂದಲ ಮನಿದೇವರದು. ಸ್ವಾದರಮಾವ ತೊಡಿ ಮ್ಯಾಲೆ ಕುಂಡ್ರಿಸ್ಕೊಂಡು ಕತ್ತರಿ ಹಾಕಬೇಕು. ಅವನ ಕತ್ತರಿಗಿಂತ ಮೊದಲ ಇಂವನ ಕತ್ತಿ ತಾಗಿದ್ರ ದೇವರು ಕೂಸಿನ್ನೇ ಒಯ್ತಾನ!"

ಮುರಾರಿ ನಕ್ಕ. "ಬಾಲ್ ಫಿರ್ ಆಯೇಗಾ, ಮಾಜೀ," ಎಂದ. ಕೂದಲು ಮತ್ತೆ ಬರುತ್ತದೆ ಎಂಬುದು ಅವಳಿಗೂ ಗೊತ್ತು. ಅವಳ ಮಾತು ಕೂದಲಿನದಲ್ಲ.

ನಾನು ಗಂಡನ ಮುಖ ನೋಡಿದೆ. ಅವನಿಗೆ ತಾಯಿಯ ಮಾತು ಬಿಟ್ಟರೆ ಬೇರೆ ಶಾಸ್ತ್ರವಿಲ್ಲ. "ಮಾಮಾ ಇಲ್ದ ಜವಳ ಆಗಂಗಿಲ್ಲ," ಎಂದ. "ಹಂಗಾದ್ರ ನಮ್ಮಣ್ಣನ ಕರೀ," ಎಂದೆ. "ಆ ನಾಯಿನ್ನ ನಾ ಕರೀಬೇಕಾ? ಬೇಕಾದ್ರ ನೀ ಕರಕೊಂಡು ಬಾ," ಎಂದು ಕೂಸನ್ನು ಹೆಗಲಿಗೆ ಹಾಕಿಕೊಂಡು ವಾರ್ಡಿನಿಂದ ನಡೆದೇಬಿಟ್ಟ. ನಾನು ಹಿಂದೆ ಅಳುತ್ತ ಓಡಿದೆ. ಜನ ನೋಡಿದರು. ನೋಡಲಿ, ನನಗೇನು ನಾಚಿಕೆ? ನಾಚಬೇಕಾದವನು ಮುಂದೆ ಎದೆ ಸೆಟೆಸಿಕೊಂಡು ಹೋಗುತ್ತಿದ್ದ.

ಮರುದಿನವೇ ಕಲ್ಯಾಣಕ್ಕೆ ಹೋದೆ. ಅಣ್ಣ ಯಾರ್ಡಿನಲ್ಲಿ ಚೀಲಗಳಿಗೆ ಒರಗಿ ಬೀಡಿ ಸೇದುತ್ತಿದ್ದ. ನಾನು ಎಲ್ಲ ಹೇಳಿದೆ. ನೀರು, ನಳಿಗೆ, ಕಣ್ಣು. ಕೇಳಿದ. ಕೇಳಿ, ಬೀಡಿಯ ಬೂದಿ ಕೊಡವಿದ.

"ಬರ್ತೀನಿ, ತಂಗಿ. ನಾ ಏನು ಕಟುಕ ಅಲ್ಲ. ಆದ್ರ ನಿನ್ನ ಗಂಡ ಆ ಟವೆಲ್ ಹೆಗಲ ಮ್ಯಾಲೆ ಹಾಕ್ಕೊಂಡು ಇಲ್ಲಿಗಿ ಬಂದು ಕರೀಬೇಕು. ಹತ್ತು ಮಂದಿ ಎದುರಿಗಿ ಒಗದಾನ, ಹತ್ತು ಮಂದಿ ಎದುರಿಗಿ ಹಾಕ್ಕೊಳ್ಳಲಿ."

"ಕೂಸಿನ ಕಣ್ಣ ಹೋಗ್ತಾವಣ್ಣಾ!"

"ಅದನ್ನ ನಿನ್ನ ಗಂಡಗ ಹೇಳು."

ಬಂದು ಗಂಡನಿಗೆ ಹೇಳಿದೆ. "ಆ ಅರಿಬಿ ಅವನ ಹೆಣದ ಮ್ಯಾಲೆ ಹಾಕಂತ ಹೇಳು," ಎಂದ. ಮತ್ತೆ ಕಲ್ಯಾಣ, ಮತ್ತೆ ಬೇಲಾಪುರ. ನನ್ನ ಚಪ್ಪಲಿ ಸವೆಯಿತು, ಅವರಿಬ್ಬರ ಮೀಸೆ ಸವೆಯಲಿಲ್ಲ. ಅತ್ತೆ ಮಾತ್ರ ದೇವರಿಗೆ ದೀಪ ಹಚ್ಚಿ ಕುಳಿತಿದ್ದಳು. ಒಂದು ಸಂಜೆ ನಾನು ಕಂದೀಲು ಹಿಡಿದು ಕೂಸಿನ ಮುಂದೆ ಆಡಿಸಿದೆ. ಕಣ್ಣು ಅಲುಗಲಿಲ್ಲ. ಬಳೆ ಬಾರಿಸಿದರೆ ತಲೆ ತಿರುಗಿಸುತ್ತಿತ್ತು, ಕಂದೀಲಿಗೆ ಇಲ್ಲ.

ಯಾರನ್ನೂ ಕೇಳದೆ ಕೂಸನ್ನೆತ್ತಿಕೊಂಡು ಠಾಣೆಯ ಆಸ್ಪತ್ರೆಗೆ ಹೋದೆ. ಮಧ್ವರಾಜ ಡಾಕ್ಟರು ಮುಖ ಗಂಟು ಹಾಕಿಕೊಂಡರು.

"ಆ ನಳಿಗೆ ಅವತ್ತೇ ಬೇರೆ ಮಗುವಿಗೆ ಹಾಕಿದೆ. ಟಿಟ್ವಾಳಾ ಊರಿನ ಮಗು. ತಾಯಿ ಬಾಗಿಲಲ್ಲಿ ಕೂತಿದ್ದಳು. ನಾನೇನು ಇವನ ಸೋದರಮಾವನಿಗೆ ಕಾಯ್ತಾ ಕೂರಬೇಕಿತ್ತಾ? ಇನ್ನೊಂದಕ್ಕೆ ಬರೆದಿದ್ದೇನೆ. ಬರುವ ತನಕ ಕಾಯಬೇಕು."

ಕಾಯುವುದೆಂದರೆ ಏನೆಂದು ಗಂಡಸರಿಗೆ ಗೊತ್ತಿಲ್ಲ. ಸೂಜಿ ಚುಚ್ಚಿ ನೆತ್ತಿಯಿಂದ ಒಂದಿಷ್ಟು ನೀರು ತೆಗೆದು ವಾರ್ಡಿನಲ್ಲೇ ಇಟ್ಟುಕೊಂಡರು. ಕೂಸು ವಾಂತಿ ಮಾಡುತ್ತಿತ್ತು, ಚೀರುತ್ತಿತ್ತು. ಆಮೇಲೆ ಚೀರುವುದನ್ನೂ ಬಿಟ್ಟಿತು. ಅದಕ್ಕೇ ನನಗೆ ಹೆಚ್ಚು ಹೆದರಿಕೆ ಆಯಿತು.

ಕೊನೆಗೊಮ್ಮೆ ನಳಿಗೆ ಬಂತು. ನಾನು ಇಬ್ಬರಿಗೂ ಹೇಳಿಕಳಿಸಿದೆ. ಇಬ್ಬರೂ ಬಂದರು, ಅದೂ ಒಂದು ಆಶ್ಚರ್ಯ. ಗಂಡ ತಾಯಿಯ ಜೊತೆ ಬಂದು ಮಂಚದ ಈಚೆ ನಿಂತ. ಅಣ್ಣ ಹೊಸ ಕತ್ತರಿ ಹಿಡಿದು ಆಚೆ ನಿಂತ. ಮುರಾರಿ ಬಟ್ಟಲಲ್ಲಿ ನೀರು ಹಿಡಿದು ಬಾಗಿಲ ಹತ್ತಿರ. ಏನಾದರೂ ಆಗಲಿ ಎಂದು ನಾನು ಟ್ರಂಕಿನ ಟವೆಲು ಮಡಿಚಿ ತಂದಿದ್ದೆ. ಅದೇ ತಪ್ಪಾಯಿತೋ ಏನೋ, ಅಣ್ಣನ ಕಣ್ಣು ಮೊದಲು ಅದರ ಮೇಲೆಯೇ ಬಿತ್ತು.

"ತಂದೀಯಲ್ಲ, ಬೇಷಾತು. ಹಾಕ್ಕೊಳ್ಳಂತ ಹೇಳು ಅವಗ. ಆಮ್ಯಾಲೆ ಕತ್ತರಿ ಹಾಕ್ತೀನಿ."

"ಕೂದಲ ಕತ್ತರಸಲಾಕ ಬಂದೀಯೋ, ನನ್ನ ಮೂಗು ಕತ್ತರಸಲಾಕ ಬಂದೀಯೋ?" ಗಂಡ ಗುಡುಗಿದ.

"ಮೂಗಿದ್ದವರಿಗಿ ಆ ಮಾತು!"

ಒಬ್ಬರ ಅಂಗಿ ಒಬ್ಬರ ಕೈಗೆ ಬಂತು. ಪಕ್ಕದ ಮಂಚದ ಕೂಸುಗಳು ಅಳತೊಡಗಿದವು. ನರ್ಸು ಮರಾಠಿಯಲ್ಲಿ ಬೈಯುತ್ತ ಬಂದು, ಡಾಕ್ಟರು ಒಳಗೆ ಕೈತೊಳೆದು ನಿಂತಿದ್ದಾರೆ, ಈಗ ಬರದಿದ್ದರೆ ಬೇರೆ ಕೂಸನ್ನು ಒಯ್ಯುತ್ತೇವೆ ಎಂದಳು. ಬೇರೆ ಕೂಸು! ಅದು ಕಿವಿಗೆ ಬಿದ್ದದ್ದೇ ನನ್ನ ಮೈಯಲ್ಲಿ ಏನು ಹೊಕ್ಕಿತೋ. ಜಗ್ಗಾಡುತ್ತಿದ್ದ ಅಣ್ಣನ ಕೈಯಿಂದ ಕತ್ತರಿ ಕಿತ್ತುಕೊಂಡೆ. ನೆಟ್ಟಗೆ ಮುರಾರಿಯ ಹತ್ತಿರ ಹೋಗಿ ಆ ಟವೆಲನ್ನು ಬಿಡಿಸಿ ಅವನ ಹೆಗಲಿಗೆ ಹೊದಿಸಿದೆ. ಇವತ್ತಿನಿಂದ ನೀನೇ ನನ್ನ ಅಣ್ಣ, ಕುಳಿತು ನೀನೇ ಕತ್ತರಿಸು ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ:

"ಆಜ್ ಸೇ ತುಮ್ ಮೇರಾ ಭಾಯಿ. ಬೈಠೋ. ತುಮ್ ಕಾಟೋ."

ಅವನು ಕಕ್ಕಾಬಿಕ್ಕಿಯಾಗಿ ಎಲ್ಲರ ಮುಖ ನೋಡಿದ. ಆಮೇಲೆ ಏನು ತಿಳಿಯಿತೋ, ಬಟ್ಟಲು ಕೆಳಗಿಟ್ಟು, ಧೋತರಕ್ಕೆ ಕೈ ಒರೆಸಿಕೊಂಡು, ಗೋಡೆಗೆ ಒರಗಿ ಚಕ್ಕಳಮಕ್ಕಳ ಹಾಕಿ ಕುಳಿತ. ನಾನು ಅಂಬಾರಾಯನನ್ನು ಅವನ ತೊಡೆಯ ಮೇಲಿಟ್ಟು ಕತ್ತರಿ ಕೈಗೆ ಕೊಟ್ಟೆ. ಆ ಭಾರದ ತಲೆಯನ್ನು ಅವನು ಎಡಗೈಯಲ್ಲಿ ಎಷ್ಟು ಜೋಪಾನವಾಗಿ ಹಿಡಿದನೆಂದರೆ, ನನಗೆ ಅಲ್ಲೇ ಅಳು ಬಂತು. ಕಿವಿಯ ಹಿಂದಿನ ಕೂದಲಿನ ಒಂದು ಎಳೆ ಕತ್ತರಿಸಿದ. ನಾನು ಸೆರಗು ಒಡ್ಡಿದೆ.

"ಕೆಟ್ಟೆವಲ್ಲೋ ಯಪ್ಪಾ! ಯಾವ ಜಾತಿಯವನೋ ಏನೋ!" ಎಂದು ಅತ್ತೆ ಎದೆ ಬಡಿದುಕೊಂಡಳು.

"ತಂಗಿ, ನಾ ಇರೂವಾಗ..." ಎಂದು ಅಣ್ಣ ಮುಂದೆ ಬಂದ.

"ಯಾವ ತಂಗಿ? ಯಾರಿಗಿ ತಂಗಿ? ಇಲ್ಲೇ ಕುಂತಾನ ನೋಡು ನಮ್ಮಣ್ಣ. ನೀವಿಬ್ಬರೂ ಹೊರಗ ಹೋಗಿ ಬಡದಾಡ್ರಿ. ಒಬ್ಬ ಸತ್ರ ಇನ್ನೊಬ್ಬ ಆ ಹೆಣಕ್ಕ ಬ್ಯಾರೆ ಟವೆಲ್ ತರಲಿ."

ಗಂಡ ಕೈ ಎತ್ತಿದ. ಮುರಾರಿ ಕುಳಿತಲ್ಲಿಂದಲೇ ಅವನನ್ನು ನೋಡಿದ. ಎತ್ತಿದ ಕೈ ಇಳಿಯಿತು.

ಆಪರೇಷನ್ ಆಯಿತು. ಕಿವಿಯ ಹಿಂದಿನಿಂದ ಕುತ್ತಿಗೆಗೆ, ಎದೆಗೆ, ಚರ್ಮದ ಕೆಳಗೆ ನರದ ಹಾಗೆ ನಳಿಗೆ ಕೈಗೆ ಸಿಗುತ್ತಿತ್ತು. ನೆತ್ತಿ ಇಳಿಯಿತು. ಕೂಸು ಹಾಲು ಕುಡಿಯಿತು, ನಕ್ಕಿತು. "ಜೀವ ಉಳಿಯಿತು. ಕಣ್ಣಿನದ್ದು ಹೇಳಲಾರೆ, ಕಾದು ನೋಡು," ಎಂದರು ಡಾಕ್ಟರು. ಮತ್ತೆ ಕಾಯುವ ಮಾತು. ಒಮ್ಮೆ ನಳಿಗೆ ಮುಚ್ಚಿಹೋಗಿ ಮತ್ತೆ ಅಲ್ಲಿಗೇ ಹೋದಾಗ ಮುರಾರಿಯೇ ತಲೆ ಬೋಳಿಸಿದ, ಹೆಗಲ ಮೇಲೆ ಅದೇ ಟವೆಲು.

ಅಂಬಾರಾಯನಿಗೆ ಮಾತು ಚೆನ್ನಾಗಿ ಬಂದ ಮೇಲೆ, ಒಂದು ಭಾನುವಾರ, ಅಣ್ಣ ಶೆಡ್ಡಿನ ಬಾಗಿಲಿಗೆ ಬಂದ. ಈಗ ಅವನು ಹಮಾಲರ ಮೇಲಿನ ಮುಕಾದಮ. ಗಂಡ ಒಳಗೆ ಚಾಪೆಯ ಮೇಲಿದ್ದ. ಏಳಲಿಲ್ಲ, ಬೈಯಲೂ ಇಲ್ಲ. ಇಷ್ಟು ವರ್ಷಕ್ಕೆ ಇಬ್ಬರ ಸಿಟ್ಟೂ ಹಳಸಿತ್ತು. ನನ್ನದು ಹಳಸಿರಲಿಲ್ಲ. ಹುಡುಗ ಹೊಸ್ತಿಲಲ್ಲಿ ಡಬ್ಬಿ ಬಾರಿಸುತ್ತ ಕುಳಿತಿದ್ದ. ಹೆಜ್ಜೆಯ ಸಪ್ಪಳ ಕೇಳಿ ತಲೆ ಎತ್ತಿದ.

"ಮಾಮಾ ಬಂದೀನೋ," ಎಂದ ಅಣ್ಣ.

"ಮುರಾರಿ ಮಾಮಾನಾ?"

ಅಣ್ಣನ ಮುಖ ಕಪ್ಪಿಟ್ಟಿತು. "ಅಲ್ಲೋ, ನಾ ಖರೇ ಮಾಮಾ. ನಿನ್ನ ಸಲುವಾಗಿ ಅಂಗಿ ತಂದೀನಿ. ಹ್ಯಾಂಗದ ನೋಡು," ಎಂದು ಅಂಗಿಯನ್ನು ಅವನ ಮುಖದ ಮುಂದೆ ಹಿಡಿದ.

ಹುಡುಗ ಕೈ ಚಾಚಿ ಗಾಳಿಯಲ್ಲಿ ತಡಕಾಡಿದ. ಅಂಗಿ ಸಿಕ್ಕಿತು. ಗುಂಡಿ ಮುಟ್ಟಿದ, ಕಾಲರು ಮುಟ್ಟಿದ, ಕೆನ್ನೆಗೆ ಒತ್ತಿಕೊಂಡ.

"ಮೆತ್ತಗ ಅದ. ಯಾವ ಬಣ್ಣ ಅದ ಮಾಮಾ?"

ಅಣ್ಣ ನನ್ನನ್ನು ನೋಡಿದ. ಒಳಗೆ ಗಂಡ ಗೋಡೆಯ ಕಡೆ ಹೊರಳಿದ. "ಕೆಂಪು," ಎಂದ ಅಣ್ಣ.

"ಕೆಂಪು ಅಂದ್ರ ಹ್ಯಾಂಗಿರ್ತದ?"

"ಹೇಳಣ್ಣಾ," ಎಂದೆ. ಅವತ್ತಿನಿಂದ ಆ ಶಬ್ದ ಅವನಿಗೆ ಅಂದಿರಲಿಲ್ಲ. "ಒಳಗ ನಿನ್ನ ಬೀಗ ಇದ್ದಾನ, ಅವನ್ನೂ ಕರೀ. ಇಬ್ಬರೂ ಕುಂತು ನನ್ನ ಮಗನಿಗಿ ಕೆಂಪು ಹ್ಯಾಂಗಿರ್ತದಂತ ತಿಳಿಸಿ ಹೇಳ್ರಿ."

ಅವರು ಹೇಳುವುದನ್ನು ಕೇಳಲು ನಾನು ನಿಲ್ಲಲಿಲ್ಲ. ಕೊಡ ಎತ್ತಿಕೊಂಡು ನೀರಿಗೆ ಹೋದೆ.