ಆರ್ಡಿತ್ ಕಾಯುತ್ತಿದ್ದ ಗಂಡು ಗಿಡ

೧

ಗಿಡದಿಂದ ಶುರು ಮಾಡಲೋ, ಹೆಂಗಸಿನಿಂದಲೋ? ಗಿಡದಿಂದ ಮಾಡಿದರೆ ಇದೇನೋ ಕೃಷಿ ಕೈಪಿಡಿ ಎಂದು ನೀವು ಪುಟ ಮಗುಚುತ್ತೀರಿ. ಹೆಂಗಸಿನಿಂದ ಮಾಡಿದರೆ, ಇನ್ನೊಬ್ಬಳು ವಿಧವೆ ಬಂದಳಪ್ಪಾ ಎಂದು ಮೂಗು ಮುರಿಯುತ್ತೀರಿ. (ಗಿಡ ಗಾಂಜಾದ್ದು ಎಂದ ಕೂಡಲೇ ಕಿವಿ ನೆಟ್ಟಗಾಗುವವರೂ ಇದ್ದೀರಿ. ಇಲ್ಲಿ ಯಾರೂ ಸೇದುವುದಿಲ್ಲ. ನಿರಾಸೆಯಾದರೆ ಈಗಲೇ ಎದ್ದು ಹೋಗಿ.)

ಮೊದಲ ಕರಡು ಹೀಗಿತ್ತು: 'ಹಂಬೋಲ್ಟ್ ಗುಡ್ಡಗಳ ಮೇಲೆ ಮಂಜು ಕರಗುತ್ತಿತ್ತು. ಆರ್ಡಿತ್ ಮಂಡಿಯೂರಿ, ಎಲೆಯ ಸಂದಿಯಲ್ಲಿ ಇಣುಕುತ್ತಿದ್ದ ಹಸಿರು ಚೂಪನ್ನು ಕಂಡು, ಹೆಣ್ಣು ಎಂದು ನಿಟ್ಟುಸಿರಿಟ್ಟಳು.'

ಅವಳ ಭಾಷೆಗೆ ತಿರುಗಿಸಿ ಓದಿ ಹೇಳಿದೆ. ಆರ್ಡಿತ್ ಕಾಫಿ ಮಗ್ಗನ್ನು ಮೇಜಿನ ಮೇಲೆ ಕುಕ್ಕಿದಳು.

"ಅದು ಹೆಣ್ಣೂ ಅಲ್ಲ, ಮಣ್ಣೂ ಅಲ್ಲ. ಆ ಚೂಪು ಗಂಡಿಗೂ ಇರತ್ತೆ, ಹೆಣ್ಣಿಗೂ ಇರತ್ತೆ. ಇಷ್ಟು ವರ್ಷದಿಂದ ಈ ಗುಡ್ಡದಲ್ಲಿದೀಯ, ಇಷ್ಟೂ ಕಲೀಲಿಲ್ವಾ?"

"ನಾನು ಬೆಳೆಯೋನಲ್ಲ ಆರ್ಡಿತ್, ಬರೆಯೋನು."

"ಗೊತ್ತಾಗತ್ತೆ ಬಿಡು."

ಕರಡನ್ನು ಹರಿದು ಅವಳ ಒಲೆಗೇ ಹಾಕಿದೆ.

೨

ಆದ್ದರಿಂದ ಪಾಠ, ಅವಳ ಬಾಯಲ್ಲಿ ಕೇಳಿದಂತೆ. ಬೀಜದಿಂದ ಎದ್ದ ಗಿಡ ಎಳೆಯದಿರುವಾಗ ತಾನು ಗಂಡೋ ಹೆಣ್ಣೋ ಎಂಬ ಗುಟ್ಟು ಬಿಟ್ಟುಕೊಡುವುದಿಲ್ಲ. ಬೇಸಿಗೆ ಏರಿ, ಜೋಡಿಜೋಡಿಯಾಗಿ ಬರುತ್ತಿದ್ದ ಎಲೆಗಳು ಒಂದು ಮೇಲೆ ಒಂದು ಕೆಳಗೆ ಬರತೊಡಗಿದಾಗ, ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಕಡೆ, ಆ ಹಸಿರು ಚೂಪಿನ ಪಕ್ಕದಲ್ಲಿ, ಸಾಸಿವೆ ಗಾತ್ರದ್ದೇನೋ ಕಾಣಿಸಿಕೊಳ್ಳುತ್ತದೆ. ಅದರ ತುದಿಯಿಂದ ಎರಡು ಬಿಳಿ ಎಳೆ ಹೊರಟರೆ ಹೆಣ್ಣು. ಗಿಡ್ಡ ತೊಟ್ಟಿನ ಮೇಲೆ ನುಣ್ಣನೆಯ ಗುಂಡು ಕೂತರೆ ಗಂಡು.

ಗಂಡು ಕಂಡರೆ ಕಿತ್ತುಹಾಕಬೇಕು. ಆ ಗುಂಡು ಬಿರಿದು ಪರಾಗ ಹಾರಿದರೆ ನಿಮ್ಮ ತೋಟವಷ್ಟೇ ಅಲ್ಲ, ಗಾಳಿ ಹೋದಷ್ಟು ದೂರ ನೆರೆಯವರ ಹೂವೂ ಬೀಜ ಕಟ್ಟಿ ಹಾಳಾಗುತ್ತದೆ. ಬೆಲೆಯಿರುವುದು ಬೀಜವಿಲ್ಲದ ಹೆಣ್ಣು ಹೂವಿಗೆ ಮಾತ್ರ. ಈ ಗುಡ್ಡದ ಜನ ಬೇಲಿ ಸರಿಸಿದವನನ್ನು ಕ್ಷಮಿಸಿದ್ದಾರೆ. ಪಕ್ಕದವನ ಹೆಂಡತಿಯನ್ನು ಹಾರಿಸಿಕೊಂಡು ಹೋದವನನ್ನೂ ಮರುವರ್ಷ ಬಾರ್ಬೆಕ್ಯೂಗೆ ಕರೆದಿದ್ದಾರೆ. ತೋಟದಲ್ಲಿ ಗಂಡು ಗಿಡ ಬಿಟ್ಟವನ ಜೊತೆ ಮಾತ್ರ ಯಾರಿಗೂ ಮಾತಿಲ್ಲ.

೩

(ಕತೆ ಇಲ್ಲಿಂದ. ಇಷ್ಟು ಹೊತ್ತು ಪೀಠಿಕೆ.)

ಆರ್ಡಿತಳ ಗಂಡ ಲೈಲ್ ತನ್ನ ಆಯುಷ್ಯವಿಡೀ ಒಂದೇ ತಳಿಯನ್ನು ಕಾಪಾಡಿಕೊಂಡು ಬಂದವನು. ಅವನು ಹೋದ ಮೇಲೆ ಉಳಿದದ್ದು ಫ್ರಿಜ್ಜಿನಲ್ಲಿದ್ದ ಒಂದು ಜಾಡಿ ಹಳೆಯ ಬೀಜ. ಈ ವಸಂತದಲ್ಲಿ ಅವಳು ಅಷ್ಟನ್ನೂ ನೆನೆಸಿ ಹಾಕಿದಳು. ಎದ್ದದ್ದು ಮೂರೇ ಮೂರು. ಎರಡರಲ್ಲಿ ಬಿಳಿ ಎಳೆ ಬಂತು. ಮೂರನೆಯದೂ ಹೆಣ್ಣಾದರೆ ಬೀಜವಿಲ್ಲ, ತಳಿ ಮುಗಿಯಿತು. ಜೀವಮಾನದಲ್ಲಿ ಮೊದಲ ಸಲ ಆರ್ಡಿತ್ ಒಂದು ಗಂಡು ಗಿಡಕ್ಕಾಗಿ ಕಾಯುತ್ತಿದ್ದಳು.

ಗುಡ್ಡದ ಕೆಳಗೆ ಅವಳ ಮಗಳು ಟ್ಯಾನ್ಸಿಯ ತೋಟ. ಲೈಸೆನ್ಸ್ ಇರುವ ತೋಟ. ಹೆಣ್ಣು ಗಿಡದ ತುಂಡು ನೆಟ್ಟೇ ಬೆಳೆದದ್ದು, ಗಂಡಿನ ಗೊಡವೆಯೇ ಇಲ್ಲ.

"ಗಂಡು ಬಿಡ್ತೀಯಾ? ಅಮ್ಮಾ, ತಲೆ ನೆಟ್ಟಗಿದೆ ತಾನೆ?"

"ಗುಂಡು ಕಂಡ ದಿನಾನೇ ಕುಂಡಕ್ಕೆ ಹಾಕಿ, ಕಡಲ ಕಡೆ ನನ್ನ ತಂಗಿ ಮನೆ ಗ್ಯಾರೇಜಿಗೆ ಸಾಗಿಸ್ತೀನಿ ಕಣೇ. ಪರಾಗಾನ ಕುಂಚದಲ್ಲಿ ಒಂದೇ ಒಂದು ಕೊಂಬೆಗೆ ಮುಟ್ಟಿಸ್ತೀನಿ, ಅಷ್ಟೇ."

"ಒಂದು ದಿನ ತಡ ಆದ್ರೆ? ನಿನ್ನ ಕಣ್ಣು ಮೊದಲಿನ ಹಾಗಿದೆಯಾ?"

"ನಿಮ್ಮಪ್ಪನದು ಅಂತ ಉಳಿದಿರೋದು ಅದೊಂದೇ."

"ನಾನು ಯಾರ ಮಗಳು ಹಾಗಾದ್ರೆ? ಅಪ್ಪ ಬದುಕಿದ್ದಾಗ್ಲೂ ನನಗಿಂತ ಆ ಬೀಜಾನೇ ಮುದ್ದು ಮಾಡ್ತಿದ್ದ. ಈಗ ನೀನು. ನನ್ನ ಹೂವಲ್ಲಿ ಒಂದು ಬೀಜ ಸಿಕ್ಲಿ, ಆಮೇಲೆ ನಿನಗೆ ಮಗಳಿಲ್ಲ ಅನ್ಕೋ."

ಅಂದಿನಿಂದ ಟ್ಯಾನ್ಸಿ ಗುಡ್ಡ ಹತ್ತಲಿಲ್ಲ. ಆರ್ಡಿತ್ ಇಬ್ಬರಿಗಾಗುವಷ್ಟು ಜೋಳದ ಬ್ರೆಡ್ ಸುಡುವ ಚಾಳಿ ಬಿಡಲಿಲ್ಲ. ಉಳಿದದ್ದು ಕೋಳಿಗಳಿಗೆ ಹೋಗುತ್ತಿತ್ತು.

೪

ಜುಲೈ. ಬೆಳಗಿನ ತಂಪಿಗೇ ಅವಳು ಸಾಲುಗಳಿಗೆ ಇಳಿದಳು. ಲೈಲನ ಮೂರು ಗಿಡಗಳ ಜೊತೆಗೆ ಅವಳದೇ ಬೀಜದ ಬೇರೆ ಗಿಡಗಳೂ ಇದ್ದವು, ಅವುಗಳಲ್ಲಿ ಗಂಡು ತೋರಿಸುವ ಕಾಲ ಬಂದಿತ್ತು. ಎಡಗೈ ಎಲೆ ಎತ್ತಬೇಕು, ಕಣ್ಣು ಸಂದಿಯನ್ನು ನೋಡಬೇಕು, ಗುಂಡು ಕಂಡರೆ ಬಲಗೈ ಬುಡಸಮೇತ ಕಿತ್ತು ಹಿಂದಕ್ಕೆ ಎಸೆಯಬೇಕು. ಮದುವೆಯಾದ ವರ್ಷದಿಂದ ಮಾಡುತ್ತ ಬಂದ ಕೆಲಸ. ಅದಕ್ಕೆ ತಲೆಯೇನೂ ಬೇಕಾಗಿರಲಿಲ್ಲ. ತಲೆಯಲ್ಲಿ ಟ್ಯಾನ್ಸಿಯ ಜೊತೆ ಜಗಳ ನಡೆಯುತ್ತಿತ್ತು, ಅವತ್ತು ಹೊಳೆಯದ ಉತ್ತರಗಳೆಲ್ಲ ಈಗ ಹೊಳೆಯುತ್ತಿದ್ದವು.

ಮಧ್ಯಾಹ್ನ ನೀರಿನ ಪೈಪು ಎಳೆದುಕೊಂಡು ಬಂದಳು. ಲೈಲನ ಮೂರನೆಯ ಗಿಡದ ಗುರುತಿಗೆಂದು ನೀಲಿ ಉಣ್ಣೆ ಕಟ್ಟಿದ್ದ ಕಡ್ಡಿ ನಿಂತಿತ್ತು. ಅದರ ಬುಡದಲ್ಲಿ ಗಿಡವಿರಲಿಲ್ಲ.

ಬಿಸಿಲಿಗೆ ಬಾಡಿ ಬಿದ್ದಿದ್ದ ರಾಶಿಯನ್ನು ಕೆದಕಿದಳು. ಸಣಕಲು ಗಿಡವೊಂದು ಸಿಕ್ಕಿತು. ಬೇರಿನ ಮಣ್ಣು ಒಣಗಿ ಉದುರಿತ್ತು. ಎಲೆಯ ಸಂದಿಯಲ್ಲಿ ಪುಟ್ಟ ತೊಟ್ಟು, ಅದರ ಮೇಲೆ ಗುಂಡು. ಗಂಡೇ.

(ಇದನ್ನು ಅವಳು ನನಗೆ ಹೇಳಿದಾಗ ಅವಳು ಅಳಲಿಲ್ಲ. ನಾನು ಅತ್ತೆ. ಕತೆಗಾರನಿಗೆ ಇದು ಶೋಭೆಯಲ್ಲ, ಗೊತ್ತಿದೆ.)

೫

ಬದಲಿ ಅಂತ್ಯಗಳು. ಬೇಕಾದವರು ಬೇಕಾದ್ದು ತೆಗೆದುಕೊಳ್ಳಿ.

ಅ) ಬಾಡಿದ ತುದಿಯನ್ನು ಗಾಜಿನ ಲೋಟದಲ್ಲಿಟ್ಟಳು. ಬೇರು ಬಿಟ್ಟಿತು.

"ಇಟ್ಟಿದ್ದು ನಿಜ," ಎಂದಳು ಆರ್ಡಿತ್. "ಕೊಳೆತು ನಾರ್ತು. ಬೇರು ಬಂತು ಅಂತ ಬರೀತೀಯಾ? ಹಾಗೇ ಲೈಲನ್ನೂ ಎಬ್ಬಿಸಿ ಕೂರಿಸು, ಕಾಫಿ ಕುಡೀಲಿ."

ಆ) ಗಿಡ ಕಿತ್ತದ್ದು ಟ್ಯಾನ್ಸಿ, ಕದ್ದು ಬಂದು. ಇದಾದರೆ ಜಗಳವಿದೆ, ಸೇಡಿದೆ, ಸಂಪಾದಕರು ಖುಷಿಯಾಗುತ್ತಾರೆ.

"ನನ್ನ ಮಗಳ ತಲೆಗೆ ಕಟ್ಟಬೇಡ. ಕಿತ್ತಿದ್ದು ಈ ದರಿದ್ರ ಕೈ."

ಇ) ಬರೆಯಲು ಕೂತೆ. ಅವಳೇ ಬಂದು ಪೆನ್ನಿನ ಮುಚ್ಚಳ ಹಾಕಿದಳು.

೬

ಆದದ್ದು ಇಷ್ಟು. ಯಾರ ಬಾಯಿಂದಲೋ ಸುದ್ದಿ ತಿಳಿದು ಟ್ಯಾನ್ಸಿ ಗುಡ್ಡ ಹತ್ತಿ ಬಂದಳು. ನೀಲಿ ಉಣ್ಣೆಯ ಕಡ್ಡಿಯ ಮುಂದೆ ನಿಂತಳು. ಆಮೇಲೆ ತಾಯಿಯನ್ನು ತಬ್ಬಿಕೊಂಡಳು.

"ನನಗೋಸ್ಕರ ಕಿತ್ಯಾ? ಅಪ್ಪನ ಕೊನೇ ಗಿಡಾನ?"

ಆರ್ಡಿತ್ ಬಾಯಿ ತೆರೆದಳು.

"ನಾನು ಹಾಗೆಲ್ಲ ಮಾತಾಡಬಾರದಿತ್ತು ಅಮ್ಮಾ. ನೀನು ನನ್ನನ್ನೇ ಆರಿಸಿಕೊಳ್ತೀಯ ಅಂತ ನಾನು ಅಂದುಕೊಂಡೇ ಇರಲಿಲ್ಲ."

"ಬೀನ್ಸ್ ಬೇಯಿಸಿದೀನಿ," ಎಂದಳು ಆರ್ಡಿತ್. "ಉಂಡ್ಕೊಂಡು ಹೋಗು."

ಈಗ ಪ್ರತಿ ಭಾನುವಾರ ಮಗಳು ಬರುತ್ತಾಳೆ. ನೆರೆಯವರೆಲ್ಲರಿಗೂ ಹೇಳಿಕೊಂಡು ತಿರುಗುತ್ತಾಳೆ, ನಮ್ಮಮ್ಮ ನನಗಾಗಿ ಏನು ಬಿಟ್ಟುಕೊಟ್ಟಳು ಗೊತ್ತಾ ಎಂದು. ಅವರು ಆರ್ಡಿತಳ ಬೆನ್ನು ತಟ್ಟುತ್ತಾರೆ. ಗಂಡನೂ ಹೋದ, ತಳಿಯೂ ಹೋಯಿತು, ಈಗ ಮಗಳ ಪ್ರೀತಿಯನ್ನು ಕದ್ದ ಮಾಲಿನಂತೆ ಬಚ್ಚಿಟ್ಟುಕೊಂಡು ಉಣ್ಣಬೇಕಾಗಿದೆ.

"ಮಗಳಿಗೆ ಹೇಳದ್ದನ್ನ ನನಗ್ಯಾಕೆ ಹೇಳಿದ್ರಿ?" ಎಂದು ಕೇಳಿದ್ದೆ.

"ನೀನು ಬರೆಯೋದು ಕನ್ನಡದಲ್ಲಿ ತಾನೆ? ಅವಳಿಗೆ ಓದಕ್ಕೆ ಬರಲ್ಲ."

೭

ಇಲ್ಲಿಗೆ ಮುಗಿಸಬೇಕೆಂದಿದ್ದೆ. ಆದರೆ ಇವತ್ತು ಭಾನುವಾರ. ನಾನೂ ಊಟಕ್ಕೆ ಬಂದಿದ್ದೇನೆ, ಈ ಹಾಳೆಗಳು ಕೈಯಲ್ಲಿವೆ.

"ಅಮ್ಮನ ಬಗ್ಗೆ ಬರೆದಿದೀಯಂತೆ," ಎನ್ನುತ್ತಿದ್ದಾಳೆ ಟ್ಯಾನ್ಸಿ, ಕುರ್ಚಿ ಹತ್ತಿರ ಎಳೆದುಕೊಂಡು. "ನನಗೆ ಅರ್ಥ ಆಗೋ ಹಾಗೆ ಹೇಳ್ತಾ ಹೋಗು. ಎಲ್ಲಾನೂ."

ಬ್ರೆಡ್ ಕೊಯ್ಯುತ್ತಿದ್ದ ಆರ್ಡಿತ್ ಚಾಕು ಕೆಳಗಿಟ್ಟಿದ್ದಾಳೆ. ನನ್ನ ಮುಖವನ್ನೇ ನೋಡುತ್ತಿದ್ದಾಳೆ.

"ಓದು," ಎನ್ನುತ್ತಾಳೆ.

ನಾನು ಕನ್ನಡಕ ಹುಡುಕುವವನಂತೆ ಜೇಬು ತಡಕುತ್ತಿದ್ದೇನೆ.