ಕಣ್ಣಿನ ಕೆಂಪು

"ಬಾರಾ ದಿನ್ ಮಶೀನ್ ಚಲೀ ಹೀ ನಹೀಂ," ಎನ್ನುತ್ತ ಡಾಕ್ಟರು ಕಂಪ್ಯೂಟರಿನ ಪರದೆಯನ್ನು ಗಂಡ ಹೆಂಡತಿಯತ್ತ ತಿರುಗಿಸಿದರು. ಸಾಲಾಗಿ ನಿಂತ ನೀಲಿ ಗೆರೆಗಳ ನಡುವೆ ಯಂತ್ರ ಓಡದ ಹನ್ನೆರಡು ದಿನಗಳ ಜಾಗ ಖಾಲಿ ಇತ್ತು.

ಆ ಯಂತ್ರದ ಹೊಟ್ಟೆಯಲ್ಲಿ ಉಗುರಿನಷ್ಟು ಚಿಕ್ಕ ಕಾರ್ಡೊಂದು ಕೂತು ಗಂಡನ ಒಂದೊಂದು ರಾತ್ರಿಯ ಚಾಡಿಯನ್ನೂ ಬರೆದಿಡುತ್ತದೆಂದು ಸುಂದರಿಗೇನು ಗೊತ್ತು? ಪಕ್ಕದಲ್ಲಿ ಗಂಡ ಚೆನ್ನಯ ಕೈಕಟ್ಟಿ ಕೂತಿದ್ದ. ಅವನ ಬಲಗಣ್ಣಿನ ಕೆಳಗಿನ ಅರ್ಧ ದೃಷ್ಟಿ ಹೋಗಿ ಆಗ ಎಂಟು ದಿನ.

ಚೆನ್ನಯ ತುರ್ಭೆಯ ಹೋಟೆಲೊಂದರಲ್ಲಿ ಸೂಪರ್‌ವೈಸರ್. ಎರಡು ವರ್ಷದ ಹಿಂದೆ, ಗಿರಾಕಿ ಎದುರು ನಿಂತು ಮಾತಾಡುತ್ತಿರುವಾಗಲೇ ಗೋಡೆಗೆ ಒರಗಿ ಗೊರಕೆ ಹೊಡೆದ ಮೇಲೆ ಮಾಲೀಕರು ಬೈದು ಡಾಕ್ಟರ ಹತ್ತಿರ ಕಳಿಸಿದ್ದರು. ನಿದ್ದೆಯಲ್ಲಿ ಇವನ ಉಸಿರು ಪದೇಪದೇ ನಿಲ್ಲುತ್ತದೆಂದು ತಪಾಸಣೆಯಲ್ಲಿ ಗೊತ್ತಾಗಿ, ಮೂಗಿಗೆ ಗಾಳಿ ಒತ್ತುವ ಯಂತ್ರ ಸಾನಪಾಡಾದ ಅವರ ಮನೆಗೆ ಬಂತು. ಅಂದಿನಿಂದ ಗೊರಕೆ ಹೋಯಿತು, ಹಗಲಿನ ತೂಕಡಿಕೆಯೂ ಹೋಯಿತು. ಆದರೆ ಮಾಸ್ಕಿನ ಅಂಚಿನಿಂದ ಗಾಳಿ ಸೋರಿ ಕಣ್ಣಿಗೆ ಬಡಿದು, ಬೆಳಿಗ್ಗೆ ಕಣ್ಣುಗಳು ಕುಂಕುಮ ಬಿದ್ದ ಹಾಗೆ ಕೆಂಪಾಗಿರುತ್ತಿದ್ದವು. ಬಿಯರಿನ ಬಾಟಲಿಯನ್ನು ಗಿರಾಕಿಯ ಮೇಜಿಗೆ ಇಟ್ಟದ್ದು ಬಿಟ್ಟರೆ ಬಾಯಿಗೆ ಇಟ್ಟವನಲ್ಲ ಚೆನ್ನಯ. ಆದರೂ ಹೋಟೆಲಿನವನ ಕಣ್ಣು ಕೆಂಪಾಗಿದ್ದರೆ ನಮ್ಮ ಜನ ಕಾರಣ ಕೇಳುವುದಿಲ್ಲ, ತಮ್ಮಲ್ಲೇ ನಕ್ಕು ಸುಮ್ಮನಾಗುತ್ತಾರೆ.

ಅಂಥ ಹೊತ್ತಿಗೇ ಮಗಳು ಮಾನಸಿಗೆ ಡೊಂಬಿವಲಿಯಿಂದ ಸಂಬಂಧ ಬಂತು. ಹುಡುಗ ಯೋಗೀಶ್ ಚಿನ್ನದಂಥವನು. ಅವನ ಅಪ್ಪ ಮಾತ್ರ, ಹಿಂದೊಮ್ಮೆ ಬೇರೊಂದು ಹೆಣ್ಣಿನ ತಂದೆ ಕುಡಿಯುತ್ತಾನೆಂದು ತಿಳಿದು ಕೊಟ್ಟ ಚಹಾ ಕುಡಿಯದೆ ಎದ್ದು ಬಂದವರು. ಈ ಸುದ್ದಿ ಊರವರ ಸಂಘದ ಹೆಂಗಸರಿಂದ ಕಿವಿಗೆ ಬಿದ್ದದ್ದೇ ತಡ, ಸುಂದರಿ ಯಂತ್ರವನ್ನು ಪಲಂಗದ ಪೆಟ್ಟಿಗೆಯೊಳಗೆ, ರಜಾಯಿಗಳ ಅಡಿಗೆ ಸೇರಿಸಿದಳು. "ಎಂತದೋ ವಾಸನೆ ಬರ್ತಿತ್ತು, ಸರ್ವಿಸಿಗೆ ಕೊಟ್ಟಿದ್ದೇನೆ," ಎಂದಳು ಗಂಡನಿಗೆ. ಅವನು ಹೂಂ ಎಂದ.

ನಾಲ್ಕೇ ದಿನಕ್ಕೆ ಕಣ್ಣು ಬೆಳ್ಳಗಾಯಿತು. "ಪಪ್ಪಾ, ಆಂಖ್ ಏಕ್‌ದಮ್ ಕ್ಲೀನ್!" ಎಂದು ಮಾನಸಿ ಕೂಡ ಬೆರಗಾದಳು. ಡೊಂಬಿವಲಿಯವರು ಬಂದರು, ಹುಡುಗನ ಅಪ್ಪ ಚೆನ್ನಯನ ಮುಖವನ್ನು ದಿಟ್ಟಿಸಿ ನೋಡಿದರು, ಎರಡು ಸಲ ಚಹಾ ಕುಡಿದರು. ಮುಂದಿನ ಭಾನುವಾರ ನಿಶ್ಚಿತಾರ್ಥವಿತ್ತು. ಅಲ್ಲಿಯವರೆಗೂ ಇರಲಿ ಎಂದು ಸುಂದರಿ ಪಲಂಗ ತೆರೆಯಲಿಲ್ಲ. ಪಕ್ಕದಲ್ಲಿ ಅವನ ಉಸಿರು ನಿಂತಾಗಲೆಲ್ಲ ಮೊಣಕೈಯಿಂದ ತಿವಿಯುತ್ತಿದ್ದಳು. ಉಸಿರು ಮತ್ತೆ ಹೊರಡುತ್ತಿತ್ತು. ನಾನಿದ್ದೇನಲ್ಲ ಎಂದುಕೊಂಡಿದ್ದಳು. ನಿಶ್ಚಿತಾರ್ಥ ಮುಗಿದ ರಾತ್ರಿ ಮಾತ್ರ ಓಡಾಟದ ಸುಸ್ತಿಗೆ ಸತ್ತವಳಂತೆ ನಿದ್ದೆ ಮಾಡಿದಳು. ಬೆಳಿಗ್ಗೆ ಹಲ್ಲುಜ್ಜುತ್ತ ಚೆನ್ನಯ, "ಬಲಗಣ್ಣಿಗೆ ಕೆಳಗಿನಿಂದ ಯಾರೋ ಪರದೆ ಎಳೆದ ಹಾಗೆ ಉಂಟಲ್ಲ," ಎಂದ. ಅಂದೇ ಸುಂದರಿ, ಸರ್ವಿಸಿನಿಂದ ಬಂತು ಎಂದು ಯಂತ್ರವನ್ನು ಹೊರಗೆ ತೆಗೆದಳು.

ಕಣ್ಣಿನ ನರಕ್ಕೆ ರಕ್ತ ಸಾಲದೆ ಹೀಗಾಗಿದೆ, ಹೋದ ದೃಷ್ಟಿ ಬರುವ ಭರವಸೆ ಇಲ್ಲ ಎಂದ ಕಣ್ಣಿನ ಡಾಕ್ಟರು, ಯಂತ್ರ ತೆಗೆದುಕೊಂಡು ನಿದ್ದೆಯ ಡಾಕ್ಟರ ಹತ್ತಿರ ಹೋಗಿ ಎಂದು ಕಳಿಸಿದ್ದರು.

"ಉಸಿರು ನಿಂತದ್ದೇ ಕಾರಣ ಅಂತ ಖಂಡಿತ ಹೇಳಲಾರೆ, ಬಿ.ಪಿ.ಯೂ ಇದೆ," ಎಂದರು ಪರದೆ ತೋರಿಸಿದ ಈ ನಿದ್ದೆಯ ಡಾಕ್ಟರು ಹಿಂದಿಯಲ್ಲಿ. "ಆದರೆ ಯಾಕೆ ನಿಲ್ಲಿಸಿದಿರಿ?"

ಸರ್ವಿಸಿಗೆ ಹೋಗಿತ್ತು ಎಂದು ಗಂಡ ಈಗ ಹೇಳುತ್ತಾನೆ, ಯಾವ ಅಂಗಡಿ ಎಂದು ಡಾಕ್ಟರು ಕೇಳುತ್ತಾರೆ ಎಂದು ಸುಂದರಿ ಕಾದಳು.

"ನಾನೇ ಹಾಕ್ಕೊಳ್ಳಲಿಲ್ಲ," ಎಂದ ಚೆನ್ನಯ ಹಿಂದಿಯಲ್ಲೇ. "ಕಂಟಾಳಾ ಬಂತು, ಸಾಕಾಯ್ತು. ಕಣ್ಣು ಕೆಂಪಾಗ್ತಿತ್ತು."

ಡಾಕ್ಟರು ಮಾಸ್ಕನ್ನು ಅವನ ಮುಖಕ್ಕೆ ಹಿಡಿದು ನೋಡಿದರು. "ಇದು ದೊಡ್ಡದಾಯಿತು," ಎಂದು ಕಪಾಟಿನಿಂದ ಒಂದು ನಂಬರು ಚಿಕ್ಕದನ್ನು ತೆಗೆದು ಕಟ್ಟಿದರು. ಕಣ್ಣಿನ ಕೆಳಗೆ ಅಂಗೈಯ ಹಿಂಭಾಗ ಹಿಡಿದು ಗಾಳಿ ಸೋರುತ್ತದೆಯೇ ಎಂದು ಪರೀಕ್ಷಿಸುವುದನ್ನು ಸುಂದರಿಗೆ ಕಲಿಸಿದರು. ಎಲ್ಲ ಸೇರಿ ಐದು ನಿಮಿಷ ಹಿಡಿಯಲಿಲ್ಲ. "ಇಷ್ಟೇ ಇತ್ತು," ಎಂದರು.

ಸಾನಪಾಡಾ ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ ಚೆನ್ನಯ ಪ್ರತಿ ಮೆಟ್ಟಿಲನ್ನೂ ಕಾಲಿನಿಂದ ತಡವುತ್ತಿದ್ದ. ಅವಳು ತೋಳು ಹಿಡಿದಳು. ಅರ್ಧ ಇಳಿದ ಮೇಲೆ ತಡೆಯಲಾಗಲಿಲ್ಲ.

"ಮಶೀನು ನಾನು ಸರ್ವಿಸಿಗೆ ಕೊಟ್ಟಿರ್ಲಿಲ್ಲ."

"ಗೊತ್ತುಂಟು. ಎರಡನೇ ದಿನವೇ ಪಲಂಗದ ಸಂದಿಯಲ್ಲಿ ಪೈಪು ಕಾಣ್ತಿತ್ತು."

"ಮತ್ತೆ ಬಾಯಿ ಯಾಕೆ ಬಿಡ್ಲಿಲ್ಲ ನೀವು?"

"ಕನ್ನಡಿ ನೋಡಿದೆ. ಕಣ್ಣು ಬೆಳ್ಳಗಿತ್ತು," ಎಂದ ಚೆನ್ನಯ, ಮುಂದಿನ ಮೆಟ್ಟಿಲು ಹುಡುಕುತ್ತ. "ಮಗಳ ಮಾವನೆದುರು ಹಾಗೆ ಕೂತ್ಕೊಳ್ಳಿಕ್ಕೆ ನನಗೂ ಆಸೆ ಇರುದಿಲ್ವಾ ಮಾರಾಯ್ತಿ?"

ಅವನು ಎರಡು ಮಾತು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ತಪ್ಪಿನಲ್ಲಿ ಪಾಲು ತೆಗೆದುಕೊಂಡಿದ್ದ. ಅವಳ ಪಾಲು ಮಾತ್ರ ಒಂದಿಷ್ಟೂ ಕಡಿಮೆಯಾಗಲಿಲ್ಲ. ಉಸಿರು ನಿಲ್ಲುವುದನ್ನು ಎಚ್ಚರವಿದ್ದು ಕೇಳಿದವಳು ಅವಳೇ. ಬಿ.ಪಿ.ಯ ಮೇಲೆ ಹಾಕಿ ಕೈತೊಳೆದುಕೊಳ್ಳಲು ಅವಳ ಮನಸ್ಸು ಒಪ್ಪಲಿಲ್ಲ.

ಹೋಟೆಲಿನವರಿಗೆ ಮಧ್ಯಾಹ್ನ ಮೂರರಿಂದ ಆರು ಮಲಗುವ ಹೊತ್ತು; ರಜೆಯ ಮೇಲಿದ್ದರೂ ಚೆನ್ನಯನ ಮೈಗೆ ಆ ರೂಢಿ ಬಿಟ್ಟಿರಲಿಲ್ಲ. ಅವನು ಎಡಗಡೆ ಹೊರಳಿ ಮಲಗಿದ. ಎಡಗಣ್ಣು ದಿಂಬಿನಲ್ಲಿ ಹುದುಗಿತು. ಸುಂದರಿ ಹೊಸ ಮಾಸ್ಕಿನ ಪಟ್ಟಿ ಎಳೆದು ಕಟ್ಟಿ ಸ್ವಿಚ್ಚು ಒತ್ತಿದಳು. ಅಂಗೈಯ ಹಿಂಭಾಗವನ್ನು ಅವನ ಕೆನ್ನೆಯ ಕಡೆಯಿಂದ ಮೇಲೆ ತಂದಳು, ತೆರೆದಿದ್ದ ಬಲಗಣ್ಣಿಗೆ ತಾಗುವಷ್ಟು ಹತ್ತಿರಕ್ಕೆ. ಕೆಳಗಿನಿಂದ ಬಂದ ಕೈಗೆ ಆ ಕಣ್ಣು ಮಿಟುಕಲಿಲ್ಲ.

"ಗಾಳಿ ಬರ್ತದಾ?" ಎಂದು ಮಾಸ್ಕಿನೊಳಗಿಂದ ಕೇಳಿದ ಚೆನ್ನಯ.

"ಇಲ್ಲ," ಎಂದಳು ಸುಂದರಿ. ಕೈಯನ್ನು ಅಲ್ಲೇ ಹಿಡಿದುಕೊಂಡಿದ್ದಳು.