ಬೆಳಕಿನ ಕಾವು ಅಳೆಯುವ ಡಬ್ಬಿ

ಬನಹಟ್ಟಿಯ ವೀರಣ್ಣನ ಎದೆಯೊಳಗೆ ಒಂದೇ ಪುಕುಪುಕು: ಅವ್ವ ನೇಯ್ದ ಕೊನೆಯ ಸೀರೆ ಕೆಡಬಾರದು. ತಂಗಿ ಕಾಂಚನಾಳ ಮದುವೆಗೆಂದು ಅವ್ವ ಶೇವಂತಿ ಅದನ್ನು ಕೈಮಗ್ಗದಲ್ಲಿ ನೇಯ್ದಿದ್ದಳು. ಸೆರಗಿನ ಮೇಲೆ ಮಗಳ ಹೆಸರಿನ ಕಸೂತಿ ಹಾಕಬೇಕೆಂದು ಕಾಗದದ ಮೇಲೆ ಬರೆದೂ ಇಟ್ಟಿದ್ದಳು. ಅಷ್ಟರಲ್ಲಿ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು.

"ಬ್ಯಾರೇದವರ ಸೂಜಿ ಬ್ಯಾಡ. ನನ್ನ ಅಕ್ಷರಾನ ಮೂಡಬೇಕು ನೋಡಪಾ" ಎಂದು ಹಟ ಹಿಡಿದಳು.

ವೀರಣ್ಣನ ಹತ್ತಿರ ಬಟ್ಟೆಯ ಮೇಲೆ ಚಿತ್ರ ಸುಡುವ ಲೇಸರ್ ಯಂತ್ರವಿತ್ತು. ಅವ್ವನ ಅಕ್ಷರವನ್ನು ಇದ್ದಂತೆಯೇ ಮೂಡಿಸಬಲ್ಲದು. ಆದರೆ ಹಳೇ ಯಂತ್ರ, ಮಹಾ ಲಫಂಗ! ಒಂದು ದಿನ ಕಾವು ಜಾಸ್ತಿ, ಮರುದಿನ ಕಡಿಮೆ. ಅದಕ್ಕೇ ಅಳೆಯುವ ಡಬ್ಬಿಯನ್ನು ತಾನೇ ಮಾಡಿದ. ಕೆಟ್ಟ ನೀರಿನ ಕೂಲರಿನಿಂದ ಪೆಲ್ಟಿಯರ್ ಬಿಲ್ಲೆ ಕಿತ್ತ. ಒಂದು ಬದಿ ಬಿಸಿಯಾದರೆ ಕರೆಂಟು ಹುಟ್ಟಿಸುವ ಬಿಲ್ಲೆ ಅದು. ಹಿಂದೆ ಅಲ್ಯೂಮಿನಿಯಂ ಪಟ್ಟಿ ಕೂರಿಸಿ, ಮುಂದೆ ದೀಪದ ಮಸಿ ಬಳಿದು, ಉದ್ದನೆಯ ತಗಡಿನ ಡಬ್ಬಿಯ ತಳದಲ್ಲಿಟ್ಟ. ಮಸಿ ಬೆಳಕನ್ನೆಲ್ಲ ನುಂಗಿ ಬಿಲ್ಲೆ ಕಾಯಬೇಕು, ಅದಕ್ಕೆ ಜೋಡಿಸಿದ ಮೀಟರು ಅಂಕಿ ತೋರಿಸಬೇಕು. ಸೀರೆಯದೇ ರೇಷ್ಮೆಯ ಚಿಂದಿಯ ಮೇಲೆ ಪರೀಕ್ಷಿಸಿ, ಯಾವ ಅಂಕಿಗೆ ಬರೀ ಕಂದು ಗೆರೆ ಮೂಡುತ್ತದೆಂದು ಗೊತ್ತುಮಾಡಿಕೊಂಡ.

ಅಮಾವಾಸ್ಯೆಯ ಮರುದಿನ ಸೀರೆ ಹಾಸಿದ. ಡಬ್ಬಿಯೊಳಗೆ ಬೆಳಕು ಬಿಟ್ಟರೆ ಅಂಕಿ ಕೆಳಗೇ ನಿಂತಿತು. ಯಂತ್ರ ಸೊರಗಿದೆ ಎಂದುಕೊಂಡು ಕಾವು ಏರಿಸುತ್ತ ಹೋದ. ಬೇಕಾದ ಅಂಕಿ ಬಂದದ್ದೇ, ಸೆರಗನ್ನು ಒಡ್ಡಿದ.

ಅಯ್ಯೋ ಶಿವನೇ! ಕೂದಲು ಸುಟ್ಟ ವಾಸನೆ ಬಂತು. ಗುಂಡಿ ಒತ್ತಿ ನಿಲ್ಲಿಸುವುದರೊಳಗೆ ಹೆಸರಿನ ಅಕ್ಷರಗಳೆಲ್ಲ ತೂತಾಗಿ ಉದುರಿದ್ದವು.

ಕಾಂಚನಾ ಓಡಿ ಬಂದು ನೋಡಿ ಚೀರಿದಳು. "ಡಬ್ಬಿ ಮಾಡ್ಯಾನಂತ ಡಬ್ಬಿ! ಅವ್ವನ ಸೀರಿ ಸುಟ್ಟೆಲ್ಲೋ, ನಿನ್ನ ಕೈಗಿಷ್ಟು ಬೆಂಕಿ ಹಾಕಲಿ!"

ವೀರಣ್ಣ ಡಬ್ಬಿಯೊಳಗೆ ಕೈ ತೂರಿಸಿ ತಳ ಸವರಿದ. ಬೆರಳಿಗೆ ಬೆಳ್ಳಗೆ ಹತ್ತಿತು. ವಿಭೂತಿ! ಅಮಾವಾಸ್ಯೆಗೆ ಮಗ್ಗ, ಲಾಳಿ, ರಾಟೆ ಎಲ್ಲಕ್ಕೂ ವಿಭೂತಿ ಹಚ್ಚುವ ಅವ್ವ, ಮಗನ ಹೊಸ ಡಬ್ಬಿಯ ಒಳಗೂ ಎಡಗೈಯಿಂದ ಹಚ್ಚಿದ್ದಳು. ಕರಿ ಮಸಿಯ ಮೇಲೆ ಬಿಳಿ ಬೂದಿ ಕೂತು ಅರ್ಧ ಬೆಳಕನ್ನು ಹೊರಗೇ ಚೆಲ್ಲಿತ್ತು; ಅಂಕಿ ಇಳಿದದ್ದು ಅದಕ್ಕೇ, ಯಂತ್ರ ಸೊರಗಿದ್ದರಿಂದಲ್ಲ.

ಒಂದು ಮಾತು ಆಡಿದ್ದರೆ ತಂಗಿಯ ಬಾಯಿ ಮುಚ್ಚುತ್ತಿತ್ತು. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

ಗೋಡೆ ಹಿಡಿದು ಬಂದ ಶೇವಂತಿ, "ಏನ್ ತಪ್ಪಾತೋ ಯಪ್ಪಾ?" ಎಂದಳು.

"ನನ್ನ ಲೆಕ್ಕ ತಪ್ಪಿತು ಬೇ."

ಅವಳು ಸೆರಗಿನ ತೂತುಗಳನ್ನು ಸವರಿದಳು. ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ಸಂಕಟವಾಯಿತು.

"ಅಳಬ್ಯಾಡ ಮಗಳ, ಇನ್ನೊಂದು ನೇಯ್ದು ಕೊಡ್ತೇನಿ. ಅದಕ್ಕೇನಾಗೇತಿ" ಎಂದು ಮಗ್ಗದ ಕುಣಿಯಲ್ಲಿ ಇಳಿದು ಕೂತಳು. ಎಡಗೈಯಿಂದ ಬಲಗೈ ಎತ್ತಿ ಮಗ್ಗದ ಮೇಲಿಟ್ಟಳು. "ವೀರಣ್ಣಾ, ಲಾಳಿ ಕೊಡು."

ವೀರಣ್ಣ ಆ ಅಂಗೈಯಲ್ಲಿ ಲಾಳಿ ಇಟ್ಟ. ಬೆರಳುಗಳು ಮಡಚಿಕೊಳ್ಳಲಿಲ್ಲ, ಲಾಳಿ ಜಾರಿ ನೆಲಕ್ಕೆ ಬಿತ್ತು.

"ಬಿತ್ತೇನು? ಇನ್ನೊಮ್ಮಿ ಕೊಡು" ಎಂದಳು ಅವ್ವ.

ಕಾಂಚನಾಳ ಅಳು ನಿಂತಿತ್ತು. ವೀರಣ್ಣ ಬಗ್ಗಿ ಲಾಳಿ ಎತ್ತಿ ಮತ್ತೆ ಕೊಟ್ಟ.